ಕ್ರಿಪ್ಟೋಕಾಕಸ್ ಪಟ್ಟಿ ಪರೀಕ್ಷೆ: ವಾರ್ಡಿನಲ್ಲಿ ಬಳಸಿ ನೋಡಿದ ಮೇಲೆ

ಎಚ್‌ಐವಿ ಸೋಂಕಿರುವ ವ್ಯಕ್ತಿಯೊಬ್ಬರು ಎರಡು ಮೂರು ವಾರ ತಲೆನೋವೆಂದು ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಿದ್ದು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮಂಕಾಗಿ, ಮನೆಯವರ ಹೆಸರು ತಪ್ಪಿ ಹೇಳುತ್ತ, ಕರೆದರೆ ‘ಹೂಂ’ ಎಂದು ಮತ್ತೆ ಕಣ್ಣು ಮುಚ್ಚುವ ಸ್ಥಿತಿಯಲ್ಲಿ ಕ್ಯಾಶುವಾಲ್ಟಿಗೆ ಬಂದರೆ, ವೈದ್ಯನ ಮನಸ್ಸಿನಲ್ಲಿ ನಾಲ್ಕೈದು ಕಾಯಿಲೆಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಕ್ಷಯದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರದ ಮೆನಿಂಜೈಟಿಸ್, ಮಿದುಳಿನಲ್ಲಿ ಟಾಕ್ಸೋಪ್ಲಾಸ್ಮಾ ಗಂಟು, ಹರ್ಪಿಸ್‌ನಂಥ ವೈರಸ್ಸಿನ ಸೋಂಕು, ಇವುಗಳ ಜೊತೆಗೆ ಸೋಡಿಯಂ ಇಳಿದಿರುವುದೋ ಸಕ್ಕರೆ ಇಳಿದಿರುವುದೋ ಆದ ಸರಳ ಕಾರಣಗಳೂ ಇರುತ್ತವೆ. ರೋಗಿಯ ಮುಖ ನೋಡಿ ಇವುಗಳಲ್ಲಿ ಯಾವುದೆಂದು ಹೇಳಬಲ್ಲೆನೆನ್ನುವವರನ್ನು ನಾನು ನಂಬುವುದಿಲ್ಲ. ಈ ಸಂದರ್ಭದಲ್ಲಿ ಕಳೆದ ಕೆಲವು ವರ್ಷಗಳಿಂದ ನಮ್ಮ ಕೈಗೆ ಬಂದಿರುವ ಒಂದು ಸಣ್ಣ ಸಾಧನವನ್ನು, ಎಂದರೆ ಕ್ರಿಪ್ಟೋಕಾಕಸ್ ಪ್ರತಿಜನಕವನ್ನು (ಶಿಲೀಂಧ್ರದ ಗುರುತಾಗುವ ಅದರ ಕವಚದ ವಸ್ತುವನ್ನು) ಪತ್ತೆ ಮಾಡುವ ಪಟ್ಟಿಯನ್ನು, ಬಳಸಿದವನಾಗಿ ಇಲ್ಲಿ ವಿಮರ್ಶಿಸುತ್ತಿದ್ದೇನೆ. ಲ್ಯಾಬಿನಲ್ಲಿ ಇದನ್ನು ಎಲ್ಲರೂ ‘ಕ್ರ್ಯಾಗ್’ ಎಂದೇ ಕರೆಯುತ್ತಾರೆ.

ಇದು ನೋಡಲು ಗರ್ಭಪರೀಕ್ಷೆಯ ಪಟ್ಟಿಯಂತೆಯೇ ಇದೆ. ಅಮೆರಿಕದ ಓಕ್ಲಹೋಮಾ ರಾಜ್ಯದ ನಾರ್ಮನ್ ಪಟ್ಟಣದಲ್ಲಿರುವ ಇಮ್ಮಿ ಎಂಬ ಕಂಪನಿ ಇದನ್ನು ತಯಾರಿಸುತ್ತದೆ. ಶಿಲೀಂಧ್ರದ ಕವಚದ ಸಕ್ಕರೆಯಂಥ ವಸ್ತುವನ್ನು ಹಿಡಿಯುವ ಪ್ರತಿಕಾಯಗಳ ಹಿಂದೆ ನೆವಾಡಾ ವಿಶ್ವವಿದ್ಯಾಲಯದ ಥಾಮಸ್ ಕೋಜೆಲ್ ಅವರ ಪ್ರಯೋಗಾಲಯದ ಕೆಲಸವಿದೆ. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ನೀಡಿತು. ಬಳಸುವ ಕ್ರಮವನ್ನು ಒಂದೇ ಉಸಿರಿನಲ್ಲಿ ಹೇಳಬಹುದು: ಸಣ್ಣ ಕೊಳವೆಗೆ ಡಬ್ಬಿಯಲ್ಲೇ ಬರುವ ದ್ರಾವಣದ ಒಂದು ಹನಿ ಹಾಕಿ, ಅದಕ್ಕೆ 40 ಮೈಕ್ರೋಲೀಟರ್ ಬೆನ್ನಿನ ನೀರನ್ನೋ (ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ) ರಕ್ತದ ಸೀರಮ್ಮನ್ನೋ ಸೇರಿಸಿ, ಪಟ್ಟಿಯನ್ನು ಅದರಲ್ಲಿ ನಿಲ್ಲಿಸಿ, 10 ನಿಮಿಷ ಕಾಯಬೇಕು. ಒಂದು ಗೆರೆ ಮೂಡಿದರೆ ಇಲ್ಲ, ಎರಡು ಗೆರೆ ಮೂಡಿದರೆ ಇದೆ, ಮೇಲಿನ ನಿಯಂತ್ರಣ ಗೆರೆಯೇ ಮೂಡದಿದ್ದರೆ ಪರೀಕ್ಷೆ ಕೆಟ್ಟಿದೆ ಎಂದರ್ಥ. ಯಂತ್ರ ಬೇಡ, ಫ್ರಿಜ್ ಬೇಡ, ಮೈಕ್ರೋಬಯಾಲಜಿಯಲ್ಲಿ ಎಂ.ಡಿ. ಮಾಡಿದವರು ರಾತ್ರಿ ಎದ್ದು ಬರಬೇಕಾಗಿಲ್ಲ. ರಾತ್ರಿ ಪಾಳಿಯ ಟೆಕ್ನಿಷಿಯನ್ ಒಬ್ಬರೇ ಇದ್ದರೆ ಸಾಕು.

ಇದರ ಬೆಲೆ ತಿಳಿಯಬೇಕಾದರೆ ಇದಕ್ಕೆ ಮೊದಲು ನಾವೇನು ಮಾಡುತ್ತಿದ್ದೆವೆಂಬುದನ್ನು ನೆನೆಯಬೇಕು. ಬೆನ್ನಿನ ನೀರಿನ ಒಂದು ತೊಟ್ಟಿಗೆ ಇಂಡಿಯಾ ಇಂಕ್ ಸೇರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಶಾಯಿ ಒಳಹೋಗಲಾರದ ದಪ್ಪ ಕವಚವು ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಬೆಳಗುವ ವರ್ತುಲವಾಗಿ ಕಾಣಿಸುತ್ತದೆ. ಅಮಾವಾಸ್ಯೆಯ ಆಕಾಶದಲ್ಲಿ ಚಂದ್ರ ಮೂಡಿದಂತೆ ಎಂದು ನನಗೆ ಕಲಿಸಿದ ಪ್ರಾಧ್ಯಾಪಕರು ಹೇಳುತ್ತಿದ್ದರು. ನೋಡಲು ಅಷ್ಟು ಚೆಂದದ ಸ್ಲೈಡು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. ಆದರೆ ಅದು ನೋಡುವವರ ಕಣ್ಣನ್ನು ಅವಲಂಬಿಸಿದ ಪರೀಕ್ಷೆ. ಆಫ್ರಿಕಾದ ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಹೋಲಿಕೆಯೊಂದರಲ್ಲಿ, ಬೆನ್ನಿನ ನೀರಿನ ಮೇಲೆ ಪಟ್ಟಿಯು ನೂರಕ್ಕೆ 99ಕ್ಕೂ ಹೆಚ್ಚು ರೋಗಿಗಳನ್ನು ಹಿಡಿದರೆ, ನುರಿತ ಕೈಗಳಲ್ಲೂ ಇಂಡಿಯಾ ಇಂಕ್ ಹಿಡಿದದ್ದು ಸುಮಾರು 86 ಮಂದಿಯನ್ನು. ಅದಕ್ಕಿಂತ ಮುಖ್ಯವಾದ ವಿವರವೆಂದರೆ, ಮಿಲಿಲೀಟರಿಗೆ 1000ಕ್ಕಿಂತ ಕಡಿಮೆ ಶಿಲೀಂಧ್ರವಿದ್ದ ರೋಗಿಗಳಲ್ಲಿ, ಅಂದರೆ ಬೇಗ ಬಂದು ಬದುಕಬಹುದಾಗಿದ್ದವರಲ್ಲಿ, ಇಂಕ್ ಹಿಡಿದದ್ದು ನೂರಕ್ಕೆ 42 ಮಂದಿಯನ್ನು ಮಾತ್ರ. ಅರ್ಧಕ್ಕಿಂತ ಹೆಚ್ಚಿನವರಿಗೆ ‘ಏನೂ ಇಲ್ಲ’ ಎಂಬ ವರದಿ ಹೋಗುತ್ತಿತ್ತು ಎಂದಾಯಿತು. ನಡುವೆ ಬಂದ ಲ್ಯಾಟೆಕ್ಸ್ ಪರೀಕ್ಷೆ ಇಷ್ಟು ತಪ್ಪುತ್ತಿರಲಿಲ್ಲ. ಆದರೆ ಅದಕ್ಕೆ ಮಾದರಿಯನ್ನು ಮೊದಲು ಸಂಸ್ಕರಿಸುವ ಕೆಲಸ, ತಣ್ಣಗಿಡುವ ವ್ಯವಸ್ಥೆ, ಓದಲು ಪಳಗಿದ ಕಣ್ಣು ಎಲ್ಲವೂ ಬೇಕಿದ್ದುದರಿಂದ ಜಿಲ್ಲಾ ಮಟ್ಟದಲ್ಲಿ ಅದು ನೆಲೆಯೂರಲೇ ಇಲ್ಲ.

ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಸಾಮಾನ್ಯ ಮೆನಿಂಜೈಟಿಸ್‌ನಲ್ಲಿ ಬೆನ್ನಿನ ನೀರು ಕದಡಿರುತ್ತದೆ, ಜೀವಕೋಶಗಳು ಏರಿರುತ್ತವೆ, ಪ್ರೋಟೀನ್ ಏರಿರುತ್ತದೆ, ಸಕ್ಕರೆ ಇಳಿದಿರುತ್ತದೆ. ಸಿಡಿ4 ಎಂಬ ರೋಗನಿರೋಧಕ ಕೋಶಗಳ ಎಣಿಕೆ 50ಕ್ಕಿಂತ ಕೆಳಗಿಳಿದ ದೇಹಕ್ಕೆ ಪ್ರತಿಭಟಿಸುವ ಶಕ್ತಿಯೇ ಇರುವುದಿಲ್ಲವಾದ್ದರಿಂದ, ಶಿಲೀಂಧ್ರ ತುಂಬಿದ ನೀರೂ ಬಾವಿಯ ತಿಳಿನೀರಿನಂತೆ ಕಾಣಬಹುದು, ಕೋಶಗಳ ಎಣಿಕೆ ಬೆರಳೆಣಿಕೆಯಷ್ಟಿರಬಹುದು. ‘ಎಲ್‌ಪಿ ನಾರ್ಮಲ್’, ಎಂದರೆ ಸೂಜಿಯಿಂದ ಬೆನ್ನಿನ ನೀರು ತೆಗೆದು ನೋಡಿದ್ದು ಸರಿಯಿದೆ, ಎಂದು ಬರೆದು ಮನೋರೋಗ ವಿಭಾಗಕ್ಕೆ ಕಳುಹಿಸಿದ ಕೇಸ್ ಶೀಟನ್ನು ನಾನೊಮ್ಮೆ ಒಂದು ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಅಂದು ಅಲ್ಲಿ ಪಟ್ಟಿಯೂ ಇರಲಿಲ್ಲ, ಇಂಕ್ ನೋಡುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ. ಕೋಶಗಳ ಎಣಿಕೆಗೆ ಮೋಸಹೋಗದೆ ನೇರವಾಗಿ ಶಿಲೀಂಧ್ರದ ಕವಚವನ್ನೇ ಕೇಳುವ ಪರೀಕ್ಷೆ ಬೇಕಾಗುವುದು ಈ ಕಾರಣಕ್ಕೆ.

ನಾನು ಮೊದಲ ಬಾರಿ ಇದನ್ನು ಬಳಸಿದ ರೋಗಿಯ ವಿಷಯವನ್ನು ಗುರುತು ಸಿಗದಂತೆ ಹೇಳುತ್ತೇನೆ. ಎಆರ್‌ಟಿ, ಎಂದರೆ ಎಚ್‌ಐವಿಯನ್ನು ಹತ್ತಿಕ್ಕುವ, ಮಾತ್ರೆಯನ್ನು ಬಹುಕಾಲದಿಂದ ಬಿಟ್ಟಿದ್ದ ವ್ಯಕ್ತಿ; ಜೊತೆಯಲ್ಲಿದ್ದವರು ತಾಯಿ. ಸಿ.ಟಿ. ಸ್ಕ್ಯಾನಿನಲ್ಲಿ ಗಂಟೇನೂ ಇರಲಿಲ್ಲ. ಬೆನ್ನಿನಿಂದ ನೀರು ತೆಗೆಯಬೇಕೆಂದಾಗ ಆ ತಾಯಿ ಮಂಚದ ಅಂಚನ್ನು ಹಿಡಿದುಕೊಂಡು, “ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಬಿದ್ದುಹೋಗುತ್ತಂತಲ್ಲ ಡಾಕ್ಟ್ರೇ, ನಮ್ಮೂರಲ್ಲಿ ಒಬ್ಬರಿಗೆ ಹಂಗೇ ಆಯ್ತು” ಎಂದರು. ಈ ಮಾತನ್ನು ಕೇಳದ ವೈದ್ಯ ಕರ್ನಾಟಕದಲ್ಲಿ ಇರಲಾರ. “ಬೆನ್ನುಹುರಿ ಮೇಲೇ ಮುಗಿದಿರುತ್ತೆ ಅಮ್ಮಾ, ನಾವು ಚುಚ್ಚೋದು ಅದಕ್ಕಿಂತ ಕೆಳಗೆ. ಅಲ್ಲಿರೋದು ನೀರಲ್ಲಿ ತೇಲೋ ನರದ ಎಳೆಗಳು, ಸೂಜಿ ಬಂದ್ರೆ ಪಕ್ಕಕ್ಕೆ ಸರಿತಾವೆ” ಎಂದು ನನ್ನದೇ ಸೊಂಟದ ಮೇಲೆ ಬೆರಳಿಟ್ಟು ತೋರಿಸಿದೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮೂಳೆಯ ಬಳಿ ಮುಗಿಯುತ್ತದೆ. ಸೂಜಿ ಹೋಗುವುದು ಮೂರು-ನಾಲ್ಕರ ಅಥವಾ ನಾಲ್ಕು-ಐದರ ನಡುವೆ. ಒಪ್ಪಿಗೆಯ ಹಾಳೆಗೆ ಹೆಬ್ಬೆಟ್ಟು ಬೀಳಲು ಮುಕ್ಕಾಲು ಗಂಟೆ ಹಿಡಿಯಿತು. ಅದಾದ ಮೇಲೆ ನೀರು ತೆಗೆಯಲು 15 ನಿಮಿಷ, ಪಟ್ಟಿಗೆ 10 ನಿಮಿಷ. ಟೆಕ್ನಿಷಿಯನ್ ಕೊಳವೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತೋರಿಸಿದಾಗ ಎರಡನೆಯ ಗೆರೆ ಮೊದಲನೆಯದಕ್ಕಿಂತಲೂ ಕಡುವಾಗಿತ್ತು.

ಪಟ್ಟಿಗೆ ನಾನು ಪೂರ್ಣ ಅಂಕ ಕೊಡುವುದು ಇಲ್ಲಿಗೆ ನಿಲ್ಲುತ್ತದೆ. ಮುಂದಿನ ಮಾತು ಪಟ್ಟಿಯ ದೋಷಕ್ಕಿಂತ ಅದನ್ನು ಬಳಸುವ ನಮ್ಮ ದೋಷದ ಕುರಿತದ್ದು.

ಈ ಕಾಯಿಲೆಯಲ್ಲಿ ರೋಗಿಯನ್ನು ಮಂಪರಿಗೆ ತಳ್ಳುವುದು ಬಹಳ ಸಲ ತಲೆಯೊಳಗಿನ ಒತ್ತಡ. ವಯಸ್ಕರ ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ಮಿದುಳಿನ ನೀರನ್ನು, ಎಂದರೆ ಇದೇ ಬೆನ್ನಿನ ನೀರನ್ನು, ಉತ್ಪಾದಿಸುತ್ತದೆ. ಒಂದು ಹೊತ್ತಿನಲ್ಲಿ ಒಳಗಿರುವುದು ಸುಮಾರು 150 ಮಿಲಿಲೀಟರ್, ಉಳಿದದ್ದು ಹೀರಿಹೋಗುತ್ತಿರುತ್ತದೆ. ಶಿಲೀಂಧ್ರವೂ ಅದು ಉದುರಿಸುವ ಅಂಟಾದ ಕವಚವೂ ಈ ಹೀರುದಾರಿಗಳನ್ನು, ಮಳೆಗಾಲದಲ್ಲಿ ಚರಂಡಿಯ ಜಾಲರಿಗೆ ಎಲೆ ಕಟ್ಟಿಕೊಂಡಂತೆ, ಕಟ್ಟಿಬಿಡುತ್ತವೆ. ನೀರು ಹುಟ್ಟುವುದು ನಿಲ್ಲುವುದಿಲ್ಲ, ಹೋಗಲು ದಾರಿ ಇರುವುದಿಲ್ಲ. ತಲೆನೋವು, ವಾಂತಿ, ಕಣ್ಣು ಒಂದೆಡೆಗೆ ಹೊರಳದಿರುವುದು, ದೃಷ್ಟಿ ಮಂಜಾಗುವುದು, ಕೊನೆಗೆ ಪ್ರಜ್ಞೆ ತಪ್ಪುವುದು ಎಲ್ಲವೂ ಇದರ ಫಲ. ಆದ್ದರಿಂದ ಸೂಜಿ ಹಾಕಿದ ಕೂಡಲೇ, ಮಾದರಿಯನ್ನು ಶೀಶೆಗೆ ಹಿಡಿಯುವ ಮೊದಲೇ, ರೋಗಿಯನ್ನು ಮಗ್ಗುಲಾಗಿ ಮಲಗಿಸಿಕೊಂಡು ಸೂಜಿಗೆ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಮಾನೊಮೀಟರ್ ಕೊಳವೆ ಜೋಡಿಸಿ, ನೀರು ಎಷ್ಟು ಸೆಂಟಿಮೀಟರ್ ಮೇಲೇರುತ್ತದೆಂದು ಅಳೆಯಬೇಕು. 25 ಸೆಂಟಿಮೀಟರ್ ಮುಟ್ಟಿದರೆ ಅಥವಾ ಮೀರಿದರೆ, 20ಕ್ಕೆ ಇಳಿಯುವವರೆಗೆ, ತೀರಾ ಹೆಚ್ಚಿದ್ದರೆ ಅರ್ಧಕ್ಕೆ ಇಳಿಯುವವರೆಗೆ ನೀರು ತೆಗೆಯಬೇಕು. ಸಾಮಾನ್ಯವಾಗಿ ಅದು 20ರಿಂದ 30 ಮಿಲಿಲೀಟರ್ ಆಗುತ್ತದೆ. “ಅಷ್ಟೊಂದು ನೀರು ತೆಗೆದ್ರೆ ಮಿದುಳು ಒಣಗಲ್ವಾ” ಎಂದು ಕೇಳಿದವರಿದ್ದಾರೆ. ತೆಗೆದ 25 ಮಿಲಿಲೀಟರನ್ನು ದೇಹ ಒಂದು ಗಂಟೆಯ ಆಸುಪಾಸಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ತೊಂದರೆಯಿರುವುದೇ ಆ ತುಂಬುವಿಕೆಯಲ್ಲಿ. ಲಕ್ಷಣಗಳು ಮರಳಿದರೆ ಮರುದಿನವೂ ತೆಗೆಯಬೇಕು, ಅದರ ಮರುದಿನವೂ.

ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾದ ರೋಗಿಗಳ ಮಾಹಿತಿಯಿಂದ 2014ರಲ್ಲಿ ಬಂದ ಒಂದು ವಿಶ್ಲೇಷಣೆ, ಮೊದಲ ಸೂಜಿಯ ನಂತರದ ದಿನಗಳಲ್ಲಿ ಕನಿಷ್ಠ ಇನ್ನೊಂದು ಬಾರಿ ನೀರು ತೆಗೆಸಿಕೊಂಡವರಲ್ಲಿ ಆರಂಭದ ಸಾವಿನ ಸಂಭವ ಸುಮಾರು 69 ಶೇಕಡಾ ಕಡಿಮೆಯಿತ್ತೆಂದು ತೋರಿಸಿತು. ಯಾವ ಹೊಸ ಔಷಧವೂ ಇಷ್ಟು ದೊಡ್ಡ ವ್ಯತ್ಯಾಸವನ್ನು ಸುಲಭವಾಗಿ ತರಲಾರದು. ಈಗ ಪಟ್ಟಿಯ ಕಡೆಗೆ ಬನ್ನಿ. ಅದಕ್ಕೆ ಬೇಕಾದದ್ದು 40 ಮೈಕ್ರೋಲೀಟರ್, ಎಂದರೆ ಒಂದು ಹನಿ. ಅಷ್ಟೇ ಸಾಕೆಂದು ಗೊತ್ತಾದ ಮೇಲೆ, ಐದಾರು ಹನಿ ಹಿಡಿದು, ಒತ್ತಡ ಅಳೆಯದೆ, ಸೂಜಿ ಎಳೆದು ಬ್ಯಾಂಡೇಜು ಹಾಕುವ ಅಭ್ಯಾಸ ಬೆಳೆಯುತ್ತದೆ. ಇನ್ನೂ ಮುಂದೆ ಹೋಗಿ, ಪಟ್ಟಿ ರಕ್ತದ ಮೇಲೂ ನಡೆಯುತ್ತದೆಂದು ತಿಳಿದವರು ಸೂಜಿಯನ್ನೇ ಕೈಬಿಟ್ಟು, ರಕ್ತದಲ್ಲಿ ಎರಡು ಗೆರೆ ಕಂಡೊಡನೆ ಔಷಧಿ ಬರೆದು ಮುಗಿಸುತ್ತಾರೆ. ಕಾಯಿಲೆಯ ಹೆಸರು ಸಿಕ್ಕಿತು, ಒತ್ತಡ ತಲೆಯಲ್ಲೇ ಉಳಿಯಿತು.

ರಕ್ತದ ಪರೀಕ್ಷೆಗೆ ಅದರದೇ ಜಾಗವಿದೆಯೆಂಬುದನ್ನೂ ಹೇಳಬೇಕು. ಉಗಾಂಡಾದ ಅಧ್ಯಯನವೊಂದರಲ್ಲಿ ಪ್ರತಿಜನಕವು ಮೆನಿಂಜೈಟಿಸ್ ಲಕ್ಷಣಗಳಿಗಿಂತ ಮಧ್ಯಾಂಕದಲ್ಲಿ 22 ದಿನ ಮೊದಲೇ ರಕ್ತದಲ್ಲಿ ಕಂಡಿತ್ತು. ಹಾಗಾಗಿಯೇ ಸಿಡಿ4 100ಕ್ಕಿಂತ ಕಡಿಮೆ ಇರುವವರೆಲ್ಲರಿಗೂ, ಸಾಧ್ಯವಾದರೆ 200ಕ್ಕಿಂತ ಕಡಿಮೆ ಇರುವವರಿಗೂ, ತಲೆನೋವು ಬರುವ ಮೊದಲೇ ಈ ಪರೀಕ್ಷೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಂಪರಿನಲ್ಲಿರುವ ರೋಗಿಯ ರಕ್ತದಲ್ಲಿ ಪಟ್ಟಿ ಒಂದೇ ಗೆರೆ ತೋರಿಸಿದರೆ ಕ್ರಿಪ್ಟೋಕಾಕಸ್ಸನ್ನು ಬಹುಮಟ್ಟಿಗೆ ಬದಿಗಿಟ್ಟು ಬೇರೆ ಕಾರಣ ಹುಡುಕಬಹುದು. ಮೈಯ ಒಂದು ಪಾರ್ಶ್ವ ಸೋತಿರುವ, ಸ್ಕ್ಯಾನಿನಲ್ಲಿ ದೊಡ್ಡ ಗಂಟು ಕಾಣುವ ಅಥವಾ ಸೂಜಿ ಹಾಕುವ ಜಾಗದಲ್ಲೇ ಹುಣ್ಣಿರುವ ರೋಗಿಗೆ ಎಲ್‌ಪಿ ಮಾಡಲಾಗದಿದ್ದರೆ ರಕ್ತದ ಪಟ್ಟಿಯೇ ಆಸರೆ. ಉಳಿದೆಡೆ ಅದು ಸೂಜಿಗೆ ಬದಲಿಯಲ್ಲ. ಲಕ್ಷಣವೇ ಇಲ್ಲದೆ ರಕ್ತದಲ್ಲಿ ಪಾಸಿಟಿವ್ ಬಂದವರಲ್ಲೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಮೆನಿಂಜೈಟಿಸ್ ಆಗಲೇ ಇರುತ್ತದೆಂದಾದರೆ, ಮಂಕಾಗಿ ಬಂದವರ ವಿಷಯದಲ್ಲಿ ಸಂಶಯಕ್ಕೆ ಎಡೆಯೆಲ್ಲಿ?

ಪಟ್ಟಿಯದೇ ಆದ ಮಿತಿಗಳೂ ಕೆಲವಿವೆ. ಮೊದಲನೆಯದು ವಿಚಿತ್ರವಾದದ್ದು: ಪ್ರತಿಜನಕ ಅತಿಯಾಗಿ ತುಂಬಿದ್ದಾಗ ಎರಡನೆಯ ಗೆರೆ ಗಾಢವಾಗುವುದರ ಬದಲು ಮಸುಕಾಗಬಹುದು, ಅಪರೂಪಕ್ಕೆ ಕಾಣದೆಯೂ ಹೋಗಬಹುದು. ರೋಗಿಯ ಸ್ಥಿತಿ ನೋಡಿ ಸಂಶಯ ಬಲವಾಗಿದ್ದರೆ ಮಾದರಿಯನ್ನು ತೆಳುಮಾಡಿ ಮತ್ತೊಮ್ಮೆ ಹಾಕಿ ನೋಡಬೇಕು. ಅದಕ್ಕೆ ಬೇಕಾದ ದ್ರಾವಣ ಡಬ್ಬಿಯಲ್ಲಿದೆ. ಮಸುಕು ಗೆರೆಯನ್ನೂ ಪಾಸಿಟಿವ್ ಎಂದೇ ಓದಬೇಕೆಂದು ಸೂಚನಾಪತ್ರ ಹೇಳುತ್ತದೆ, ಆದರೆ ಬೆಳಕು ಕಡಿಮೆಯಿರುವ ಲ್ಯಾಬಿನಲ್ಲಿ ಇಬ್ಬರು ಎರಡು ರೀತಿ ಓದುವುದನ್ನು ನಾನು ನೋಡಿದ್ದೇನೆ. ಈಗ ನಮ್ಮಲ್ಲಿ ಪಟ್ಟಿಯನ್ನು ಇಬ್ಬರು ಬೇರೆಬೇರೆಯಾಗಿ ನೋಡಿ ಬರೆಯುವ ನಿಯಮವಿದೆ. ಎರಡನೆಯದು, ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನು ಈ ಪಟ್ಟಿ ಹೇಳಲಾರದು. ಶಿಲೀಂಧ್ರ ಸತ್ತ ಮೇಲೂ ಅದರ ಕವಚದ ತುಣುಕುಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಆರು ತಿಂಗಳ ನಂತರ ತಲೆನೋವೆಂದು ಮರಳಿ ಬಂದವರಲ್ಲಿ ಎರಡು ಗೆರೆ ಕಂಡರೆ ಕಾಯಿಲೆ ಮರುಕಳಿಸಿತೆಂದು ತೀರ್ಮಾನಿಸುವಂತಿಲ್ಲ. ಅದಕ್ಕೆ ಕಲ್ಚರ್, ಎಂದರೆ ಜೀವಂತ ಶಿಲೀಂಧ್ರ ಬೆಳೆಯುತ್ತದೆಯೇ ಎಂಬ ಪರೀಕ್ಷೆ, ಆಗಬೇಕು, ಕಲ್ಚರ್‌ಗೆ ದಿನಗಟ್ಟಲೆ ಕಾಯಬೇಕು. ಮೂರನೆಯದು ಸಂಗ್ರಹದ ಮಾತು. ಡಬ್ಬಿಯನ್ನು 20ರಿಂದ 25 ಡಿಗ್ರಿಯಲ್ಲಿಡಿ ಎನ್ನುತ್ತಾರೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕೊಠಡಿಯ ಉಷ್ಣಾಂಶವೆಂದರೆ ಏನೆಂದು ಸೂಚನಾಪತ್ರ ಬರೆದವರಿಗೆ ತಿಳಿದಿರಲಾರದು, ಎ.ಸಿ. ಇರುವ ಕೊಠಡಿಯ ಕಪಾಟಿನಲ್ಲಿ ಇದಕ್ಕೊಂದು ಮೂಲೆ ಹುಡುಕಬೇಕಾಗುತ್ತದೆ. ಒಂದು ಡಬ್ಬಿಗೆ 50 ಪಟ್ಟಿಗಳು. ವರ್ಷಕ್ಕೆ ಹತ್ತು ಹನ್ನೆರಡು ಇಂಥ ರೋಗಿಗಳನ್ನು ನೋಡುವ ಆಸ್ಪತ್ರೆ ಲಕ್ಷಣವಿದ್ದವರಿಗೆ ಮಾತ್ರ ಬಳಸಿದರೆ ಅವಧಿ ಮುಗಿದ ಪಟ್ಟಿಗಳನ್ನು ಎಸೆಯಬೇಕಾಗುತ್ತದೆ. ಸಿಡಿ4 ಕಡಿಮೆಯಿರುವ ಎಲ್ಲರಿಗೂ ಬಳಸುವುದೇ ಇದಕ್ಕೆ ಸರಿಯಾದ ಪರಿಹಾರ, ಲೆಕ್ಕಕ್ಕೂ ರೋಗಿಗೂ.

ನಾಲ್ಕನೆಯ ಮಿತಿ ನಮ್ಮ ದೇಶಕ್ಕೆ ವಿಶೇಷವಾಗಿ ಸಲ್ಲುತ್ತದೆ. ಪಟ್ಟಿ ನೆಗೆಟಿವ್ ಎಂದರೆ ಕ್ರಿಪ್ಟೋಕಾಕಸ್ ಇಲ್ಲವೆಂದಷ್ಟೇ ಅರ್ಥ, ಬೇರೇನೂ ಇಲ್ಲವೆಂದಲ್ಲ. ಕ್ಷಯ ಇಷ್ಟೊಂದಿರುವ ನಾಡಿನಲ್ಲಿ ಅದೇ ಬೆನ್ನಿನ ನೀರನ್ನು ಸಿಬಿನ್ಯಾಟ್ ಎಂಬ ಕ್ಷಯದ ಜೀನ್ ಪರೀಕ್ಷೆಗೆ ಕಳುಹಿಸಲೇಬೇಕು, ಅದೂ ಎರಡು ಹನಿಯಲ್ಲ, ಸಾಧ್ಯವಾದರೆ 6 ಮಿಲಿಲೀಟರ್‌ಗೂ ಮಿಗಿಲಾಗಿ ಕಳುಹಿಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಅಡಿಗಿಳಿದ ಭಾಗವನ್ನು ಪರೀಕ್ಷಿಸಬೇಕು, ಏಕೆಂದರೆ ಆ ನೀರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ವಿರಳವಾಗಿರುತ್ತದೆ. ಸಿಬಿನ್ಯಾಟ್ ನೆಗೆಟಿವ್ ಬಂದರೂ ಕ್ಷಯದ ಮೆನಿಂಜೈಟಿಸ್ ತಳ್ಳಿಹೋಗುವುದಿಲ್ಲ ಎಂಬುದು ಇನ್ನೊಂದು ತಲೆನೋವು. ಒಬ್ಬರಲ್ಲೇ ಎರಡೂ ಇದ್ದದ್ದುಂಟು. ಹನಿ ಸಾಕೆಂದು ಸೂಜಿ ಬೇಗ ಎಳೆದವರಿಗೆ ಈ ಪರೀಕ್ಷೆಗಳಿಗೆ ನೀರೇ ಉಳಿದಿರುವುದಿಲ್ಲ.

ಎರಡು ಗೆರೆ ಕಂಡ ಮೇಲಿನ ಚಿಕಿತ್ಸೆ ಈ ವಿಮರ್ಶೆಯ ಹೊರಗಿನದಾದರೂ ಒಂದೆರಡು ಮಾತು ಅನಿವಾರ್ಯ. ಬೋಟ್ಸ್ವಾನಾ, ಮಲಾವಿ, ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಗಳಲ್ಲಿ ನಡೆದ ಆಂಬಿಷನ್ ಪ್ರಯೋಗದ ಆಧಾರದ ಮೇಲೆ 2022ರಿಂದ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತಿರುವುದು ಲೈಪೋಸೋಮಲ್ ಆಂಫೊಟೆರಿಸಿನ್ ಎಂಬ ಶಿಲೀಂಧ್ರನಾಶಕದ ಒಂದೇ ದೊಡ್ಡ ಡೋಸನ್ನು, ಕಿಲೋಗೆ 10 ಮಿಲಿಗ್ರಾಂ ಲೆಕ್ಕದಲ್ಲಿ, ಜೊತೆಗೆ 14 ದಿನ ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್. 2021ರಲ್ಲಿ ಕಪ್ಪು ಶಿಲೀಂಧ್ರದ ಕಾಲದಲ್ಲಿ ಇದೇ ಆಂಫೊಟೆರಿಸಿನ್‌ಗಾಗಿ ಜನ ಊರೂರು ಅಲೆದದ್ದು ಯಾರಿಗೂ ಮರೆತಿರಲಾರದು. ಇನ್ನೊಂದು ಮಾತು, ಬಿಟ್ಟುಹೋದ ಎಆರ್‌ಟಿಯನ್ನು ಅಂದೇ ಶುರುಮಾಡುವ ಆತುರ ಕೂಡದು. ಶಿಲೀಂಧ್ರದ ಚಿಕಿತ್ಸೆ ಶುರುವಾಗಿ ನಾಲ್ಕರಿಂದ ಆರು ವಾರ ತಡೆಯಬೇಕು. ಬೇಗ ಶುರುಮಾಡಿದವರಲ್ಲಿ ಸಾವು ಹೆಚ್ಚೆಂದು 2014ರ ಕೋಟ್ ಪ್ರಯೋಗ ತೋರಿಸಿತು, 26 ವಾರಗಳಲ್ಲಿ 45 ಶೇಕಡಾ, ತಡವಾಗಿ ಶುರುಮಾಡಿದವರಲ್ಲಿ 30. ಹಾಗಾಗಿ ಆ 10 ನಿಮಿಷದ ಉತ್ತರ ಔಷಧಾಲಯಕ್ಕೆ ಮಾತ್ರವಲ್ಲ, ಅಂದೇ ಎಆರ್‌ಟಿ ಕೇಂದ್ರಕ್ಕೂ ತಲುಪಬೇಕು.

ತಲುಪಿಸುವ ರೀತಿಯ ಬಗ್ಗೆ ನನಗೊಂದು ಅಸಮಾಧಾನವಿದೆ. ನಾನು ಕೆಲಸ ಮಾಡಿದ ಒಂದು ಕಡೆ ಬೆನ್ನಿನ ನೀರಿನ ಶೀಶೆಯ ಮೇಲೆ ಕೆಂಪು ಶಾಯಿಯಲ್ಲಿ ಸೋಂಕಿನ ಹೆಸರನ್ನು ದೊಡ್ಡದಾಗಿ ಬರೆದು, ಅದನ್ನು ರೋಗಿಯ ಭಾವಮೈದುನನ ಕೈಯಲ್ಲೇ ಲ್ಯಾಬಿಗೆ ಕಳುಹಿಸಿದ್ದರು. ಆತನಿಗೆ ವಿಷಯ ಗೊತ್ತಿರಲಿಲ್ಲ. 2017ರ ಎಚ್‌ಐವಿ ಕಾಯ್ದೆ ಸೋಂಕಿತರ ಗುಟ್ಟನ್ನು ಕಾಯುವುದನ್ನು ಕಡ್ಡಾಯ ಮಾಡಿದೆ, ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ‘ಕ್ರ್ಯಾಗ್’ ಎಂಬ ಇಂಗ್ಲಿಷಿನ ನಾಲ್ಕಕ್ಷರದ ಕೋರಿಕೆ ಇದ್ದರೆ ಟೆಕ್ನಿಷಿಯನ್‌ಗೆ ಸಾಕು; ಎಲ್ಲ ಮಾದರಿಗೂ ಒಂದೇ ಎಚ್ಚರಿಕೆ ಇರಬೇಕೆಂದಾದ ಮೇಲೆ ಕೆಂಪು ಶಾಯಿಯ ಅಗತ್ಯವೇನು? ಆ ಕುಟುಂಬವನ್ನು ಮತ್ತೆ ಒಂದು ಕೋಣೆಯಲ್ಲಿ ಕೂರಿಸಲು ನಮ್ಮ ಆಪ್ತಸಮಾಲೋಚಕಿ ಪಟ್ಟ ಪಾಡು ಯಾವ ಸೂಜಿಗಿಂತಲೂ ಕಷ್ಟದ್ದಾಗಿತ್ತು.

2020ರಲ್ಲಿ ಜಗತ್ತಿನಲ್ಲಿ ಅಂದಾಜು 1,52,000 ಮಂದಿ ಎಚ್‌ಐವಿ ಸೋಂಕಿತರಿಗೆ ಈ ಮೆನಿಂಜೈಟಿಸ್ ಬಂದು, 1,12,000 ಮಂದಿ ತೀರಿಕೊಂಡರು. ಏಡ್ಸ್ ಸಂಬಂಧಿ ಸಾವುಗಳಲ್ಲಿ ಇದರ ಪಾಲು 19 ಶೇಕಡಾ. ಆ ಹೊತ್ತಿಗೆ ಪಟ್ಟಿ ಮಾರುಕಟ್ಟೆಗೆ ಬಂದು ಒಂಬತ್ತು ವರ್ಷವಾಗಿತ್ತು. ಎಚ್‌ಐವಿ ಚಿಕಿತ್ಸೆ ನಡೆಯುವ ಯಾವ ಆಸ್ಪತ್ರೆಯೂ ಈ ಡಬ್ಬಿಯಿಲ್ಲದೆ ಇರಬಾರದೆಂಬುದು ನನ್ನ ಅಭಿಪ್ರಾಯ, ಆದರೆ ಇಂಡೆಂಟ್, ಎಂದರೆ ಸಾಮಗ್ರಿಯ ಬೇಡಿಕೆ ಪತ್ರ, ಬರೆಯುವವರು ಅದೇ ಹಾಳೆಯಲ್ಲಿ ಅದರ ಕೆಳಗೆ ಎಲ್‌ಪಿ ಸೂಜಿಗಳನ್ನೂ ಮಾನೊಮೀಟರನ್ನೂ ಬರೆಯಬೇಕು.

ನಾನು ಮೇಲೆ ಹೇಳಿದ ಆ ರೋಗಿಗೆ ಮೊದಲ ದಿನ ನೀರು ಮಾನೊಮೀಟರಿನ ತುದಿಯನ್ನೂ ಮೀರಿ ಉಕ್ಕಿತು. 25 ಮಿಲಿಲೀಟರ್ ತೆಗೆದ ಮೇಲೆ, ಸೂಜಿ ಇನ್ನೂ ಬೆನ್ನಿನಲ್ಲಿರುವಾಗಲೇ, ಆತ ಕಣ್ಣು ಬಿಟ್ಟು, “ಅವ್ವ ಎಲ್ಲಿ?” ಎಂದು ಕೇಳಿದರು, ಔಷಧಿಯ ಒಂದು ತೊಟ್ಟೂ ಆಗಿನ್ನೂ ಒಳಹೋಗಿರಲಿಲ್ಲ. ಮುಂದೆ ಐದು ದಿನ ಐದು ಸೂಜಿ. ಮೂರನೆಯ ದಿನದಿಂದ ಒಪ್ಪಿಗೆಗೆ ಮುಕ್ಕಾಲು ಗಂಟೆ ಹಿಡಿಯಲಿಲ್ಲ, ತಾಯಿಯೇ ಬಂದು “ಇವತ್ತು ನೀರು ತೆಗೆಯೋದು ಎಷ್ಟೊತ್ತಿಗೆ” ಎಂದು ಕೇಳುತ್ತಿದ್ದರು. ಈ ವರ್ಷದ ಇಂಡೆಂಟಿನಲ್ಲಿ ಪಟ್ಟಿಯ ಡಬ್ಬಿ ಬಂದಿದೆ, ಮಾನೊಮೀಟರ್ ಬಂದಿಲ್ಲ. ಸದ್ಯಕ್ಕೆ ಸ್ಟೆರೈಲ್ ಐವಿ ಸೆಟ್ಟಿನ ಕೊಳವೆಯನ್ನು ಸೂಜಿಗೆ ಸಿಕ್ಕಿಸಿ, ಡ್ರಿಪ್ ಸ್ಟ್ಯಾಂಡಿಗೆ ನೆಟ್ಟಗೆ ಕಟ್ಟಿ, ಪಕ್ಕದಲ್ಲಿ ದರ್ಜಿಯ ಟೇಪು ಹಿಡಿದು ಅಳೆಯುತ್ತಿದ್ದೇವೆ.